ನಾಕು ಮಂದಿ ಮೀಮಾಂಸೆ

ಮನುಷ್ಯನು ತಾನು ಮಾಡುವುದನ್ನು ಏತಕ್ಕಾಗಿ ಮಾಡುತ್ತಾನೆ ಎಂಬ ಪ್ರಶ್ನೆಗೆ ಪಾಶ್ಚಾತ್ಯ ಪಂಡಿತರು ಶತಮಾನಕ್ಕೂ ಮಿಗಿಲಾದ ಕಾಲದಿಂದ ಜನರ ಕೈಯಲ್ಲಿ ಹಗ್ಗ ಜಗ್ಗಿಸಿ, ಗೆರೆ ಅಳೆಯಿಸಿ, ಕುಳಿತ ಕೋಣೆಗೆ ಹೊಗೆ ಬಿಟ್ಟು ಉತ್ತರವನ್ನು ಅರಸುತ್ತಿರಲಾಗಿ, ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಲ್ಲಿ ಸಾಲ ಮಾಡಿ ಮಗಳ ಮದುವೆಗೆ ದೊಡ್ಡ ಹಂದರ ಹಾಕಿಸುವ ಯಾವ ತಂದೆಯನ್ನು ಕೇಳಿದರೂ ಅದೇ ಉತ್ತರವು ಒಂದೇ ಉಸಿರಿನಲ್ಲಿ ದೊರೆಯುತ್ತದೆ: “ನಾಕು ಮಂದಿ ಏನಂದಾರು?” ಶಾಸ್ತ್ರವು ಇಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ಈ ನಾಲ್ವರು ಯಾರು, ಎಲ್ಲಿ ವಾಸಿಸುತ್ತಾರೆ, ಇವರ ಹೆಸರು ರೇಷನ್ ಕಾರ್ಡಿನಲ್ಲಿ ಉಂಟೆ, ಮತದಾರರ ಯಾದಿಯಲ್ಲಿ ಉಂಟೆ ಎಂಬುದನ್ನು ಇದುವರೆಗೆ ಯಾರೂ ಸಶಾಸ್ತ್ರವಾಗಿ ವಿಚಾರಿಸಿದಂತೆ ಕಾಣದ ಕಾರಣ, ಪ್ರಸ್ತುತ ಲೇಖಕನು ತನ್ನ ಅಲ್ಪಮತಿಯನ್ನು ಬಲ್ಲವನಾಗಿಯೂ ಈ ಸಾಹಸಕ್ಕೆ ಕೈಯಿಕ್ಕಿದ್ದಾನೆ.

ಕನ್ನಡನಾಡಿಗೆ ಮನಃಶಾಸ್ತ್ರವೇನೂ ಹೊಸತಲ್ಲ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿಯನ್ನೂ ಆರಂಭಿಸಿದರು. ಒಬ್ಬೊಬ್ಬರ ಮನಸ್ಸನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ ದಣಿದವರಿಗೆ ಸಾವಿರ ಮನಸ್ಸುಗಳಿಗೆ ಒಮ್ಮೆಲೇ ಮಾತು ಮುಟ್ಟಿಸುವ ಯಂತ್ರದ ಮೇಲೆ ಆಸೆ ಹುಟ್ಟಿದ್ದು ಸಹಜವೇ ಆಗಿದೆ. ಇನ್ನು ಡಾ. ಎಂ. ಶಿವರಾಂ ಅವರು 1942ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿ ನಾಡನ್ನು ನಗಿಸಿದರು, ಮುಂದೆ ಮನೋರೋಗಗಳನ್ನು ಕುರಿತ ‘ಮನಮಂಥನ’ಕ್ಕಾಗಿ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆದರು. ನಗೆಯೂ ಮನಃಶಾಸ್ತ್ರವೂ ಒಂದೇ ಜೋಳಿಗೆಯ ಸರಕೆಂದು ವೈದ್ಯರೊಬ್ಬರೇ ತೋರಿಸಿಕೊಟ್ಟ ಮೇಲೆ ನನ್ನಂಥವನಿಗೆ ಬೇರೆ ಅಪ್ಪಣೆ ಬೇಡ.

ಮೊದಲು ಸಂಖ್ಯಾವಿಚಾರ. ಮೂರಲ್ಲ, ಐದಲ್ಲ, ನಾಲ್ಕೇ ಏಕೆ? ಸಾಲಮನ್ ಆಶ್ ಎಂಬ ಪಂಡಿತನು 1951ರಲ್ಲಿ ಪ್ರಕಟಿಸಿದ ಪ್ರಯೋಗವು ಜಗತ್ಪ್ರಸಿದ್ಧವಾದುದು. ಒಂದು ಗೆರೆಯನ್ನು ತೋರಿಸುವುದು, ಪಕ್ಕದ ಮೂರು ಗೆರೆಗಳಲ್ಲಿ ಅದಕ್ಕೆ ಸಮನಾದುದು ಯಾವುದೆಂದು ಕೇಳುವುದು. ಎರಡನೆಯ ಇಯತ್ತೆಯ ಹುಡುಗನೂ ತಪ್ಪದ ಲೆಕ್ಕ. ಆದರೆ ಮೊದಲೇ ಹೇಳಿಕೊಟ್ಟಿದ್ದ ಸಂಗಡಿಗರು ಒಬ್ಬರಾದ ಮೇಲೊಬ್ಬರು ಕೂಡಿ ತಪ್ಪು ಗೆರೆಯನ್ನೇ ಹೇಳುತ್ತ ಬಂದಾಗ, ಏನೂ ಅರಿಯದ ಕೊನೆಯ ಆಸಾಮಿಯೂ ಸರಾಸರಿ ಮೂರರಲ್ಲಿ ಸುಮಾರು ಒಂದು ಸಲ ತನ್ನ ಕಣ್ಣನ್ನು ನಂಬದೆ ಅವರ ಬಾಯನ್ನು ನಂಬಿದನು. ನಮ್ಮ ವಿಷಯಕ್ಕೆ ಮುಖ್ಯವಾದುದು ಇನ್ನು ಮುಂದಿದೆ. ಎದುರು ಹೇಳುವವನು ಒಬ್ಬನೇ ಆದರೆ ಅವನ ಮಾತಿಗೆ ಹೆಚ್ಚುಕಡಿಮೆ ಯಾರೂ ಬಗ್ಗಲಿಲ್ಲ. ಇಬ್ಬರಾದರೆ ಒಂದಿಷ್ಟು ಬಗ್ಗಿದರು. ಮೂವರಾದ ಕೂಡಲೇ ಪರಿಣಾಮ ಪೂರ್ಣವಾಯಿತು, ಅಲ್ಲಿಂದಾಚೆಗೆ ಸಂಖ್ಯೆಯನ್ನು ಎಷ್ಟು ಏರಿಸಿದರೂ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಅಂದಮೇಲೆ ಮೂವರು ಸಾಕು. ನಮ್ಮ ಹಿರಿಯರು ನಾಲ್ಕನೆಯವನನ್ನು ಸೇರಿಸಿದ್ದು, ಒಬ್ಬ ಸಂತೆಗೆ ಹೋದರೂ ಕೋರಂ ಕೆಡದಿರಲೆಂಬ ದೂರದೃಷ್ಟಿಯಿಂದ ಎಂದು ತಿಳಿಯತಕ್ಕದ್ದು.

ಇದಕ್ಕೆ ಪೂರ್ವಪಕ್ಷವೂ ಉಂಟು. ನಾಲ್ಕೆಂಬುದು ಹೆಗಲಿನ ಲೆಕ್ಕ, ಕೊನೆಗೆ ಮನುಷ್ಯನನ್ನು ಊರ ಹೊರಗೆ ಹೊತ್ತುಕೊಂಡು ಹೋಗಲು ಅಷ್ಟು ಹೆಗಲು ಬೇಕೇ ಬೇಕು, ಹೊರಬೇಕಾದವರು ಮುನಿಸಿಕೊಂಡರೆ ಗತಿಯೇನು ಎಂಬ ಭಯವೇ ಸಮಸ್ತ ಸದಾಚಾರಗಳ ಮೂಲವೆಂದು ಈ ಪಕ್ಷದವರು ವಾದಿಸುತ್ತಾರೆ. ಈ ವಾದವನ್ನು ಖಂಡಿಸಲು ನಾನು ಬಹಳ ಪ್ರಯತ್ನಪಟ್ಟು ಕೈಬಿಟ್ಟೆ.

ನಾಲ್ವರ ಗಣತಿಗೆಂದು ವಹಿಯೊಂದನ್ನು ಹಿಡಿದು ಊರೊಳಗೆ ಹೊರಟೆ. ಗುಡಿಯ ಕಟ್ಟೆಯ ಮೇಲೆ ಕುಳಿತವರು, “ನಾವೇನ್ ಅನ್ನೂದಿಲ್ರೀ, ಚಾದಂಗಡ್ಯಾಗಿನ ಮಂದಿ ಅಂತಾರ” ಎಂದರು. ಚಹಾದಂಗಡಿಯಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದವರು ಕೈ ಒರೆಸಿಕೊಂಡು ಕಟ್ಟೆಯ ಕಡೆಗೆ ಬೆರಳು ಮಾಡಿದರು. ತರ್ಕಶಾಸ್ತ್ರದಲ್ಲಿ ಇದನ್ನು ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ. ಊರಿನಲ್ಲಿ ಇದಕ್ಕೆ ಮರ್ಯಾದೆ ಎಂದು ಹೆಸರು. ಕಡೆಗೆ ಮನೆಯಂಗಳದಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದ ಮುದುಕಿಯೊಬ್ಬಳನ್ನು, “ಯಮ್ಮಾ, ಆ ನಾಕು ಮಂದಿ ಯಾರು?” ಎಂದು ಕೇಳಿದೆ. ಆಕೆ ಮೊರದಿಂದ ತಲೆಯೆತ್ತದೆ, “ಯಾರಂದ್ರ? ನೀ ಅದೀಯಲ್ಲಪ್ಪಾ, ಬರ್ಕೊಳ್ಳಾಕತ್ತೀ” ಎಂದಳು. ಆ ದಿನದ ಗಣತಿಯನ್ನು ಅಲ್ಲಿಗೇ ನಿಲ್ಲಿಸಲಾಯಿತು.

ನಾಲ್ವರ ಕಣ್ಣು ತಪ್ಪಿದಾಗ ಮನುಷ್ಯನು ಏನಾಗುತ್ತಾನೆ ಎಂಬುದಕ್ಕೆ ತೇರೇ ಪ್ರಮಾಣ. ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರನು ಹಗ್ಗ ಜಗ್ಗಿಸಿ ಅಳೆದು 1913ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಬ್ಬನೇ ಜಗ್ಗುವಾಗಿನ ಬಲವನ್ನು 100 ಎಂದಿಟ್ಟರೆ ನಾಲ್ವರು ಕೂಡಿದಾಗ ತಲೆಗೆ 77ಕ್ಕೂ, ಎಂಟು ಜನ ಕೂಡಿದಾಗ 49ಕ್ಕೂ ಇಳಿಯುತ್ತದೆ. ಶಿರಹಟ್ಟಿಯ ಫಕೀರೇಶ್ವರ ಜಾತ್ರೆಗಾಗಲಿ ಸುತ್ತಿನ ಯಾವುದೇ ಊರ ತೇರಿಗಾಗಲಿ ಆತನು ಬಂದಿದ್ದರೆ ಆ ಅಂಕಗಳನ್ನು ಇನ್ನಷ್ಟು ಇಳಿಸುತ್ತಿದ್ದನು: ನೂರಾರು ಕೈಗಳು ಹಗ್ಗದ ಮೇಲೆ, ಅಷ್ಟೇ ಕಣ್ಣುಗಳು ಕಳಸಕ್ಕೆ ಬೀಳುವ ಉತ್ತತ್ತಿ ಬಾಳೆಹಣ್ಣಿನ ಮೇಲೆ, ಇತ್ತೀಚೆಗೆ ಒಂದು ಕೈ ಮೊಬೈಲಿನ ಮೇಲೆ. ಕೆಲವರು ಹಗ್ಗವನ್ನು ಜಗ್ಗುತ್ತಾರೋ ಹಗ್ಗದ ಆಧಾರದಿಂದ ನಿಂತಿರುತ್ತಾರೋ ಹೇಳುವುದು ಕಷ್ಟ. ಆದರೂ ತೇರು ಪಾದಗಟ್ಟೆಯನ್ನು ಮುಟ್ಟುತ್ತದೆ, ಹೊರಳಿ ಬರುತ್ತದೆ. ಇದನ್ನು ಫ್ರಾನ್ಸಿನ ಲೆಕ್ಕ ವಿವರಿಸಲಾರದು.

ಆಮೇಲಿನ ಪಂಡಿತರು ಕಂಡುಕೊಂಡ ಮದ್ದೇನೆಂದರೆ, ಯಾರು ಎಷ್ಟು ಜಗ್ಗಿದರೆಂಬುದು ಬೇರೆಬೇರೆಯಾಗಿ ಗೊತ್ತಾಗುವಂತಿದ್ದರೆ ಮೈಗಳ್ಳತನ ತಾನಾಗಿ ಅಡಗುತ್ತದೆ ಎಂಬುದು. ಇದನ್ನು ಗದಗಿನ ಸೀಮೆ ಬಹಳ ಹಿಂದೆಯೇ ಅರಿತಿತ್ತು. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿ, ಏಷ್ಯದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದ ಸಂಸ್ಥೆಯ ಗುಟ್ಟಾದರೂ ಏನು? ತೇರಿನ ಹಗ್ಗಕ್ಕೆ ವಹಿಯಿಲ್ಲ. ಸಂಘಕ್ಕೆ ವಹಿಯುಂಟು, ವಹಿಯಲ್ಲಿ ಹೆಸರುಂಟು, ಹೆಸರಿನ ಪಕ್ಕದಲ್ಲಿ ಜಾಮೀನುದಾರನ ಸಹಿಯುಂಟು, ಆ ಜಾಮೀನುದಾರನು ದಿನಬೆಳಗಾದರೆ ಅದೇ ಓಣಿಯಲ್ಲಿ ಎದುರಾಗುತ್ತಾನೆ. ಸಹಕಾರವೆಂದರೆ ನಾಕು ಮಂದಿಯನ್ನು ಕಾಗದಕ್ಕೆ ಇಳಿಸುವ ವಿದ್ಯೆ. ಈ ಪ್ರಬಂಧದಲ್ಲಿ ನಾನು ನಗದೆ ಬರೆದ ವಾಕ್ಯ ಇದೊಂದೇ.

ಕಾರಣಾರೋಪಣವೆಂಬ ಇನ್ನೊಂದು ಪ್ರಕರಣವಿದೆ. ಅದನ್ನು ಬೇಗನೆ ಮುಗಿಸುವೆನು. ನೆರೆಯವನ ಹೊಲದ ಉಳ್ಳಾಗಡ್ಡಿ ಕೊಳೆತರೆ ಅವನು ಸೋಮಾರಿ, ನನ್ನದು ಕೊಳೆತರೆ ಮಳೆ ಕೆಟ್ಟದ್ದು. ಜೋನ್ಸ್ ಮತ್ತು ನಿಸ್ಬೆಟ್ ಎಂಬಿಬ್ಬರು 1971ರಲ್ಲಿ ಇದನ್ನೇ ಸಿದ್ಧಾಂತ ಮಾಡಿದರು.

ಇನ್ನು ನಾನೇ ನಡೆಸಿದ ಪ್ರಯೋಗ. 1969ರಲ್ಲಿ ಮಿಲ್‌ಗ್ರಾಮ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯಂತೆ, ನ್ಯೂಯಾರ್ಕಿನ ಬೀದಿಯಲ್ಲಿ ಒಬ್ಬನು ನಿಂತು ಆರನೆಯ ಅಂತಸ್ತಿನ ಕಿಟಕಿಯನ್ನು ದಿಟ್ಟಿಸಿದಾಗ ನೂರಕ್ಕೆ ನಾಲ್ವರು ಮಾತ್ರ (ಇಲ್ಲಿಯೂ ನಾಲ್ಕು!) ಅವನ ಜೊತೆ ನಿಂತರು, ಹದಿನೈದು ಜನ ದಿಟ್ಟಿಸಿದಾಗ ನೂರಕ್ಕೆ ನಲವತ್ತು ಜನ ನಿಂತರು. ಬೆಳ್ಳಟ್ಟಿಯಲ್ಲಿ ಆರನೆಯ ಅಂತಸ್ತಿನ ಅಭಾವವಿದ್ದುದರಿಂದ ನಾನು ಬಸ್ಸು ನಿಲ್ಲುವಲ್ಲಿಯ ಬೇವಿನ ಮರವನ್ನು ಆರಿಸಿಕೊಂಡೆ. ಲಕ್ಷ್ಮೇಶ್ವರದ ಬಸ್ಸಿಗೆ ಕಾಯುವವನಂತೆ ನಿಂತು ಒಂದು ಟೊಂಗೆಯನ್ನು ಎವೆಯಿಕ್ಕದೆ ನೋಡತೊಡಗಿದೆ. ಎರಡು ನಿಮಿಷವಾಗಿರಲಿಕ್ಕಿಲ್ಲ, “ಏನ್ ನೋಡಾಕತ್ತೀರಿ ಸರ?” ಎಂದು ಒಬ್ಬ ಪಕ್ಕಕ್ಕೆ ಬಂದ. ನ್ಯೂಯಾರ್ಕಿಗೂ ಬೆಳ್ಳಟ್ಟಿಗೂ ಇರುವ ಅಂತರ ಇದೇ ಸರಿ: ಅಲ್ಲಿ ನೋಡಿ ಮುಂದೆ ಹೋಗುತ್ತಾರೆ, ಇಲ್ಲಿ ನಿಂತು ಕೇಳುತ್ತಾರೆ. “ಏನಿಲ್ಲ” ಎಂದೆ. “ಏನೂ ಇಲ್ಲದ ಯಾಕ ನೋಡ್ತಾರ?” ಎಂದು ಅವನು ಹಿಂದೆ ಬಂದವನಿಗೆ ಹೇಳಿದ. ಮೂರನೆಯವನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಜೇನು ಇರಬೇಕು” ಎಂದ. ನಾಲ್ಕನೆಯವನು ಬಂದವನೇ, “ಹೌದು, ಅದ ಅಲ್ಲಿ ನೋಡ್ರಿ, ಕರ್ರಗ” ಎಂದು ತೋರಿಸಿಕೊಟ್ಟ. ಅಷ್ಟರಲ್ಲಿ ಬಸ್ಸು ಬಂತು, ಕಿಟಕಿಗಳೊಳಗೆ ಟವೆಲುಗಳು ತೂರಿದವು, ನಾನೂ ಹತ್ತಿ ಹೊರಟೆ.

ವಾರ ಬಿಟ್ಟು ಹೋದಾಗ ಮರದ ಕೆಳಗೆ ಯಾರೂ ಇರಲಿಲ್ಲ. ಜನರೆಲ್ಲ ರಸ್ತೆಯ ಆಚೆ ಬಿಸಿಲಿನಲ್ಲಿ ನಿಂತಿದ್ದರು. ನೆರಳಿಗೆ ಹೋಗಲು ಕಾಲೆತ್ತಿದ ನನ್ನನ್ನು ಹಿರಿಯರೊಬ್ಬರು ತೋಳು ಹಿಡಿದು ನಿಲ್ಲಿಸಿ, “ಬ್ಯಾಡ್ರಿ ಸರ, ಜೇನು ಅದಾವು, ಮೊನ್ನೆ ಯಾರೋ ದೊಡ್ಡ ಮನಶ್ಯಾರು ನೋಡ್ಯಾರಂತ” ಎಂದರು. ಆ ಮರದಲ್ಲಿ ಜೇನಿಲ್ಲವೆಂದು ಖಚಿತವಾಗಿ ಬಲ್ಲವನು ಊರಲ್ಲಿ ನಾನೊಬ್ಬನೇ ಆಗಿದ್ದೆ. ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂತು. ಅಲ್ಲಿಯವರೆಗೂ ನಾನು ಅವರೊಡನೆ ಬಿಸಿಲಿನಲ್ಲಿಯೇ ನಿಂತಿದ್ದೆ.