ಹಳದಿ ಫಲಕದ ರಾಯರು

"ರೇಸ್ ಹೊಡೀತೀರಂತೆ ರಾಯರೇ?" ಎಂದು ಕೆಲವು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ ರಾಯರ ಮುಖ ಕೆಂಪಾಗುತ್ತಿತ್ತು. "ರೇಸ್ ಅಲ್ಲ ಸ್ವಾಮಿ, ಟ್ರ್ಯಾಕ್ ಡೇ! ಅಜಗಜಾಂತರ ವ್ಯತ್ಯಾಸ ಇದೆ" ಎಂದವರೇ, ಕೇಳಿದವನು ಕಾಫಿ ಲೋಟ ಇಟ್ಟು ಜಾರಿಕೊಳ್ಳುವ ಮೊದಲೇ ಆ ವ್ಯತ್ಯಾಸವನ್ನು ಬಿಡಿಸಿ ಹೇಳಲು ಕೂರುತ್ತಿದ್ದರು. ಟ್ರ್ಯಾಕ್ ಡೇಯಲ್ಲಿ ಗೆಲ್ಲುವವರಿಲ್ಲ, ಸೋಲುವವರಿಲ್ಲ. ದುಡ್ಡು ಕಟ್ಟಿ, ಎದುರಿನಿಂದ ಲಾರಿ ಬಾರದ ರೇಸ್ ಪಥದಲ್ಲಿ, ಇಪ್ಪತ್ತು ನಿಮಿಷಕ್ಕೊಂದು ಸರದಿಯಂತೆ ದಿನವಿಡೀ ಬೈಕ್ ಓಡಿಸಿ ಮನೆಗೆ ಬರುವುದು, ಅಷ್ಟೇ. "ಅದೊಂದು ಧ್ಯಾನ ಕಣ್ರೀ" ಎನ್ನುತ್ತಿದ್ದರು. ಇದೇ ಧ್ಯಾನಕ್ಕೆ ಮನೆಯಾಕೆಯ ಎದುರು "ಸುರಕ್ಷತಾ ತರಬೇತಿ" ಎಂದೂ, ಮೈಸೂರಿನಲ್ಲಿರುವ ತಾಯಿಗೆ ಫೋನಿನಲ್ಲಿ "ಆಫೀಸ್ ಕೆಲಸದ ಮೇಲೆ ಹೊರಗೆ ಹೋಗಿದ್ದೆ" ಎಂದೂ ಹೆಸರಿತ್ತು. ಜೀವವಿಮೆಯ ಅರ್ಜಿಯಲ್ಲಿ "ಮೋಟಾರ್ ರೇಸಿಂಗ್‌ನಲ್ಲಿ ಭಾಗವಹಿಸುತ್ತೀರಾ?" ಎಂಬ ಪ್ರಶ್ನೆ ಬಂದಾಗ "ಇಲ್ಲ" ಎಂದು ಎದೆ ತಟ್ಟಿ ಬರೆದರು. ಅಂದಿಗೆ ಅದು ಸತ್ಯವೇ ಆಗಿತ್ತು.

ರಾಯರು ಎಂದರೆ ಯಾರೋ ಒಬ್ಬರಲ್ಲ. ಫಾರ್ಮಿಂಗ್ಟನ್ ಹಿಲ್ಸ್, ನೋವೈ, ಟ್ರಾಯ್, ಕ್ಯಾಂಟನ್ ಎಂದು ಡೆಟ್ರಾಯಿಟಿನ ಸುತ್ತ ಹರಡಿಕೊಂಡಿರುವ ನಮ್ಮ ಎಂಜಿನಿಯರುಗಳಲ್ಲಿ ಅಲ್ಲೊಬ್ಬ ಇಲ್ಲೊಬ್ಬ ರಾಯರು ಇದ್ದಾರೆ. ಎಲ್ಲರನ್ನೂ ಸೇರಿಸಿ ಒಂದು ಹೆಲ್ಮೆಟ್ಟಿನೊಳಗೆ ತುರುಕಿದ್ದೇನೆ, ಆದ್ದರಿಂದ ಯಾರೂ "ಇದು ನಾನೇ" ಎಂದು ಮುನಿಸಿಕೊಳ್ಳುವಂತಿಲ್ಲ. ಫಾರ್ಮಿಂಗ್ಟನ್ ಹಿಲ್ಸ್‌ನ ವಿಶೇಷವೇನೆಂದರೆ, ಬಾಷ್‌ನ ಉತ್ತರ ಅಮೆರಿಕದ ಕೇಂದ್ರ ಕಚೇರಿ ಇರುವುದು ಇಲ್ಲೇ, ನಿಸ್ಸಾನ್‌ನ ತಾಂತ್ರಿಕ ಕೇಂದ್ರ ಇರುವುದೂ ಇಲ್ಲೇ. ಕಾರಿನ ಬ್ರೇಕು, ಗೇರು, ಸೆನ್ಸರುಗಳಿಂದಲೇ ಅನ್ನ ತಿನ್ನುವ ಊರು. ನಮ್ಮ ರಾಯರು ವಾರದ ಐದು ದಿನ, ಬ್ರೇಕ್ ಒತ್ತಿದಾಗ ಗಾಲಿ ಜಾರದಂತೆ ಕಾಯುವ ಎಬಿಎಸ್ ತಂತ್ರಾಂಶವನ್ನು ಪರೀಕ್ಷಿಸುತ್ತಾರೆ. ಶನಿವಾರ ಬೆಳಗ್ಗೆ ತಮ್ಮ ಬೈಕಿನ ಎಬಿಎಸ್ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಯಾಕೆಂದು ಕೇಳಿದರೆ, "ಅದು ಜನಸಾಮಾನ್ಯರಿಗೆ."

ಬೈಕಿನ ಹುಚ್ಚು ಊರಿನಿಂದಲೇ ಬಂದದ್ದು. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ರಾಯರ ಸೋದರಮಾವ ಕೆಲಸಕ್ಕಿದ್ದರಂತೆ. (ನಾನು ಕಂಡ ಮೈಸೂರಿನವರಿಗೆಲ್ಲ ಅಲ್ಲಿ ಒಬ್ಬ ಸೋದರಮಾವ ಇದ್ದೇ ಇದ್ದರು. ಅಷ್ಟು ಜನ ಮಾವಂದಿರಿದ್ದೂ ಕಾರ್ಖಾನೆ ಹೇಗೆ ಮುಚ್ಚಿತೋ!) ಕಾಲೇಜಿನಲ್ಲಿ ಗೆಳೆಯನ ಆರ್‌ಎಕ್ಸ್ 100ರ ಹಿಂದಿನ ಸೀಟು. ಅಮೆರಿಕಕ್ಕೆ ಬಂದು, ಗ್ರೀನ್ ಕಾರ್ಡ್ ಕೈಗೆ ಸಿಕ್ಕಿ, ಮನೆ ಸಾಲದ ಅರ್ಧ ತೀರಿದ ಮೇಲೆ ಆ ಹಿಂದಿನ ಸೀಟಿನ ಸೇಡು ತೀರಿಸಿಕೊಳ್ಳಲು ರಾಯರು ಕೊಂಡದ್ದು ಒಂದು ಸಾವಿರ ಸಿಸಿಯ ಜರ್ಮನ್ ಗಾಡಿ. ಆರ್ಚರ್ಡ್ ಲೇಕ್ ರಸ್ತೆಯ ಸಿಗ್ನಲ್ಲುಗಳ ನಡುವೆ ಅದರ ಎರಡನೇ ಗೇರಿಗಿಂತ ಮೇಲೆ ಹೋಗಲು ದಾರಿಯಿಲ್ಲ, ಪೊಲೀಸರು ಬಿಡುವುದೂ ಇಲ್ಲ. ಹಾಗಾಗಿ ಟ್ರ್ಯಾಕ್ ಡೇ.

ಮೊದಲು ಹೋದದ್ದು ಜಿಂಜರ್‌ಮ್ಯಾನ್‌ಗೆ. ಮಿಷಿಗನ್ ಸರೋವರದ ದಂಡೆಯ ಸೌತ್ ಹೇವನ್ ಊರಿನ ಬಳಿ 1996ರಲ್ಲಿ ತೆರೆದ ಪಥವಿದು. ಒಂದು ಸುತ್ತಿಗೆ 2.14 ಮೈಲಿ, ಹನ್ನೊಂದು ತಿರುವು. ತಪ್ಪಿ ಹೊರಗೆ ಹೋದರೂ ಬೀಳಲು ಬೇಕಾದಷ್ಟು ಹುಲ್ಲುಗಾವಲಿದೆ ಎಂಬ ಕಾರಣಕ್ಕೆ ಹೊಸಬರ ಅಚ್ಚುಮೆಚ್ಚು. ಅಲ್ಲಿ ಕಲಿಯುವವರು, ನಡುವಿನವರು, ಮುಂದುವರಿದವರು ಎಂದು ಮೂರು ಗುಂಪು. ಕಲಿಯುವವರು ನೇರ ದಾರಿಯಲ್ಲಿ ಮಾತ್ರ ಒಬ್ಬರನ್ನೊಬ್ಬರು ದಾಟಬಹುದು. ರಾಯರಿಗೆ ಇದು ಹೇಳಿ ಮಾಡಿಸಿದ ನಿಯಮ: ಸಾವಿರ ಸಿಸಿಯ ಕಿವಿ ಹಿಂಡಿದರೆ ನೇರ ದಾರಿಯಲ್ಲಿ ಅವರನ್ನು ಹಿಡಿಯುವವರಿಲ್ಲ. ತಿರುವಿನಲ್ಲಿ ಹಿಂದೆ ಒಂದು ಮೆರವಣಿಗೆಯೇ ಕಟ್ಟಿಕೊಳ್ಳುತ್ತಿತ್ತು, ಆದರೆ ಕನ್ನಡಿಗಳನ್ನು ಕಳಚಿಡಬೇಕೆಂಬ ನಿಯಮವೂ ಇದ್ದದ್ದರಿಂದ ಅದು ರಾಯರ ಗಮನಕ್ಕೆ ಬರಲಿಲ್ಲ. ನಡುವಿನ ಗುಂಪಿಗೆ ಬಡ್ತಿ ಸಿಕ್ಕ ವಾರ ಫಾರ್ಮಿಂಗ್ಟನ್ ಹಿಲ್ಸ್‌ನ ಅರ್ಧ ಕನ್ನಡಿಗರಿಗೆ ಹೋಳಿಗೆ ಊಟ.

ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲದಿರಲು ಕಾರಣ ಬೈಕ್ ಅಲ್ಲ, ಬಾಲ್ಯ. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಿಂದ ಸಿಇಟಿವರೆಗೆ, ಆಫೀಸಿನ ವಾರ್ಷಿಕ ಮೌಲ್ಯಮಾಪನದವರೆಗೆ ಬದುಕಿನಲ್ಲಿ ಒಮ್ಮೆಯೂ ರ‍್ಯಾಂಕ್ ಇಲ್ಲದ ಕೆಲಸ ಮಾಡಿದವರಲ್ಲ ರಾಯರು. ಸ್ಥಾನವೇ ಇಲ್ಲದ ಸುಖ ಅವರಿಗೆ ಒಂದೆರಡು ಬೇಸಿಗೆಗಿಂತ ಹೆಚ್ಚು ಒಗ್ಗಲಿಲ್ಲ. ಮೊದಲು ಬೈಕಿಗೆ ಗುಟ್ಟಾಗಿ ಒಂದು ಲ್ಯಾಪ್ ಟೈಮರ್ ಬಂತು. ಆಮೇಲೆ ಪ್ರತಿ ಸುತ್ತಿನ ಸಮಯ ಎಕ್ಸೆಲ್ ಹಾಳೆಗೆ ಬಂತು. ಆಮೇಲೆ ಆ ಹಾಳೆಯಲ್ಲಿ ಇತರರ ಹೆಸರೂ ಸೇರಿದವು, ಆ ಇತರರಿಗೆ ತಾವು ಸ್ಪರ್ಧೆಯಲ್ಲಿರುವುದು ಗೊತ್ತೇ ಇರಲಿಲ್ಲ. ಧ್ಯಾನ ಮುಗಿಸಿ ಮನೆಗೆ ಬಂದವರು ರಾತ್ರಿ ಹಾಸಿಗೆಯಲ್ಲಿ, "ಆ ನೀಲಿ ಯಮಹಾದವನಿಗಿಂತ ನಾನು ಮುಕ್ಕಾಲು ಸೆಕೆಂಡ್ ಮುಂದೆ" ಎನ್ನತೊಡಗಿದಾಗ ಮನೆಯಾಕೆಗೆ ಅರ್ಥವಾಯಿತು: ಇದು ಇನ್ನು ತರಬೇತಿಯಾಗಿ ಉಳಿದಿಲ್ಲ.

ಕ್ಲಬ್ ರೇಸಿಂಗ್ ಎಂದರೆ ಸಂಬಳವಿಲ್ಲದವರ ರೇಸು. ಪ್ಲಂಬರ್, ದಂತವೈದ್ಯ, ಶಾಲಾ ಮೇಷ್ಟ್ರು ಎಲ್ಲರೂ ಸ್ವಂತ ದುಡ್ಡಿನಿಂದ ಬೈಕ್ ತಂದು, ಗೆದ್ದರೆ ಒಂದು ಫಲಕ ಹಿಡಿದುಕೊಂಡು, ಸೋಮವಾರ ಕೆಲಸಕ್ಕೆ ಹೋಗುವವರು. ಸಿಸಿಎಸ್, ವೆರಾದಂಥ ಸಂಸ್ಥೆಗಳು ಲೈಸೆನ್ಸ್ ಕೊಡುವ ಮೊದಲು ರೇಸಿಗೆ ಬೇಕಾದ ಪಾಠ ಆಗಿದೆಯೇ ಎಂದು ನೋಡುತ್ತವೆ. ಯಾವ ಬಾವುಟಕ್ಕೆ ಏನರ್ಥ, ಹೇಗೆ ಸಾಲಿನಲ್ಲಿ ನಿಲ್ಲಬೇಕು, ಹಸಿರು ಬಾವುಟ ಬೀಸಿದಾಗ ಹೇಗೆ ಕ್ಲಚ್ ಬಿಡಬೇಕು, ಎಲ್ಲವೂ ಅದರಲ್ಲಿ ಬರುತ್ತವೆ. ಹೊಸಬರ ಬೈಕಿಗೆ ಹಳದಿ ನಂಬರ್ ಫಲಕ, ಪಳಗಿದವರಿಗೆ ಬಿಳಿ. ಪಾಠ, ಪರೀಕ್ಷೆ, ನಂಬರು: ರಾಯರ ಕಣ್ಣಲ್ಲಿ ನೀರು ಬಂತು. ಮೊದಲ ಸಲಹೆಯಾಗಿ ಅಲ್ಲಿನ ಗುರುಗಳು, "ಆ ದೊಡ್ಡ ಗಾಡಿ ಮಾರಿ ಚಿಕ್ಕದು ತಗೊಳ್ಳಿ, ಅದು ನಿಮ್ಮ ತಪ್ಪುಗಳನ್ನೆಲ್ಲ ಮುಚ್ಚಿಡುತ್ತಿದೆ" ಎಂದರು. ರಾಯರು ಕವಾಸಾಕಿ ನಿಂಜಾ 400 ಕೊಂಡರು. ಅದು 399 ಸಿಸಿ. ಮನೆಯಾಕೆಗೆ "ಅರ್ಧಕ್ಕಿಂತ ಕಡಿಮೆ ಅಪಾಯ" ಎಂದು ಲೆಕ್ಕ ಒಪ್ಪಿಸಿದರು.

ಇನ್ನು ತಪಾಸಣೆಯ ಕಥೆ. ರೇಸಿಗೆ ಮುಂಚೆ ತಾಂತ್ರಿಕ ತಪಾಸಕರೊಬ್ಬರು ಬೈಕನ್ನು ಮುಟ್ಟಿ, ಅಲುಗಾಡಿಸಿ ನೋಡುತ್ತಾರೆ. ಎಣ್ಣೆ ಇಳಿಸುವ ಬೋಲ್ಟು, ಎಣ್ಣೆಯ ಫಿಲ್ಟರು, ಎಣ್ಣೆ ತುಂಬುವ ಮುಚ್ಚಳ ಎಲ್ಲವನ್ನೂ ಸಡಿಲವಾಗದಂತೆ ಉಕ್ಕಿನ ತಂತಿ ಹೊಸೆದು ಬಿಗಿದಿರಬೇಕು. ಎಂಜಿನ್ ಒಡೆದರೆ ಎಣ್ಣೆ ಹಿಡಿಯಲು ಕೆಳಗೆ ತೊಟ್ಟಿಯಂಥ ಕವಚ ಇರಬೇಕು. ರೇಡಿಯೇಟರಿನಲ್ಲಿ ಗ್ಲೈಕಾಲ್ ಬೆರೆಸಿದ ಕೂಲಂಟ್ ಕೂಡದು, ನೀರೇ ಇರಬೇಕು. ಕಾರಣ ಎಲ್ಲಕ್ಕೂ ಒಂದೇ: ಒಬ್ಬ ಚೆಲ್ಲಿದ್ದರ ಮೇಲೆ ಹಿಂದಿನವರೆಲ್ಲ ಸಾಲಾಗಿ ಜಾರುತ್ತಾರೆ. (ಬರೀ ನೀರು ತುಂಬಿದ ಬೈಕನ್ನು ಮಿಷಿಗನ್‌ನ ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಬಿಟ್ಟರೆ ನೀರು ಹೆಪ್ಪುಗಟ್ಟಿ ಎಂಜಿನ್ ಬಿರಿಯುತ್ತದೆ. ಹಾಗಾಗಿ ಕಾರ್ತಿಕದಿಂದ ಯುಗಾದಿವರೆಗೆ ನಿಂಜಾದ ವಾಸ ಅತಿಥಿಗಳ ಕೋಣೆಯಲ್ಲಿ. ಅತ್ತೆಯವರು ಆ ತಿಂಗಳುಗಳಲ್ಲಿ ಬಂದರೆ ಸೋಫಾ ಇದೆ.) ರಾಯರು ಎಂಜಿನಿಯರು, ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ್ದರು. ತಪಾಸಕರ ಬೆರಳು ಕೊನೆಗೆ ಮುಂದಿನ ಫೋರ್ಕಿಗೆ ಕಟ್ಟಿದ್ದ ಕೆಂಪು ದಾರದ ಮೇಲೆ ನಿಂತಿತು. ಮನೆಯಾಕೆ ನೋವೈ ವೆಂಕಟೇಶ್ವರ ದೇವಸ್ಥಾನದಿಂದ ತಂದು ಕಟ್ಟಿದ ರಕ್ಷೆ ಅದು, ಅದರ ಜೊತೆಗೊಂದು ಪುಟ್ಟ ಆಂಜನೇಯನ ತಾಯತ.

"ಇದೇನು?"

"ಸುರಕ್ಷತಾ ಸಾಧನ" ಎಂದರು ರಾಯರು.

ತಪಾಸಕರು ಎಳೆದು ನೋಡಿದರು. "ಸಡಿಲವಾಗಿದೆ. ತೆಗೀರಿ, ಇಲ್ಲವೇ ತಂತಿ ಬಿಗೀರಿ."

ಹೀಗೆ ಅಂಜನಾಸುತನಿಗೂ ಉಕ್ಕಿನ ತಂತಿ ಬಿದ್ದು, ಬೈಕಿಗೆ ಪಾಸಾದ ಚೀಟಿ ಅಂಟಿತು.

ಮೊದಲ ರೇಸು ಗ್ರ್ಯಾಟನ್‌ನಲ್ಲಿ. ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಸಮೀಪದ ಬೆಲ್ಡಿಂಗ್ ಊರಿನ ಬಳಿ, ಏರಿಳಿತಗಳ ಎರಡು ಮೈಲಿಯ ಹಳೆಯ ಪಥ. ಒಂದು ದಿಬ್ಬದ ತುದಿಯಲ್ಲಿ ಗಾಲಿ ನೆಲ ಬಿಡುತ್ತದೆ, ಮುಂದಿನ ದಾರಿ ಕಾಣುವುದಿಲ್ಲ. ಟ್ರ್ಯಾಕ್ ಡೇಯಲ್ಲಿ ಆ ದಿಬ್ಬವನ್ನು ರಾಯರು ಒಬ್ಬರೇ ಗಂಭೀರವಾಗಿ ಏರಿದ್ದುಂಟು. ರೇಸಿನ ಕಥೆ ಬೇರೆ. ಟ್ರ್ಯಾಕ್ ಡೇಯಲ್ಲಿ ಒಬ್ಬೊಬ್ಬರಾಗಿ ಪಥಕ್ಕಿಳಿಯುತ್ತಾರೆ, ದಾಟಲು ಧೈರ್ಯ ಸಾಲದಿದ್ದರೆ ಮುಂದಿನ ಸುತ್ತಿಗೆ ನೋಡೋಣ ಎಂದು ಬಿಡಬಹುದು. ರೇಸಿನಲ್ಲಿ ಎಲ್ಲರೂ ಒಟ್ಟಿಗೆ ಹೊರಟು ಒಟ್ಟಿಗೇ ಮೊದಲ ತಿರುವಿಗೆ ನುಗ್ಗುತ್ತಾರೆ, ಆ ತಿರುವು ಅಷ್ಟು ಜನಕ್ಕೆ ಆಗುವಷ್ಟು ಅಗಲವಿರುವುದಿಲ್ಲ. ರಾಯರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಚೆಂದದ ಗೆರೆಯ ಮೇಲೆ ಆಗಲೇ ಇನ್ನೊಬ್ಬ ಕೂತಿದ್ದ. ಅವನಿಗೆ "ಸ್ವಲ್ಪ ಸರಿಯಪ್ಪ" ಎನ್ನುವ ಬಾವುಟ ಇಲ್ಲ.

ಒಳಗಿನಿಂದ ಒಬ್ಬ, ಹೊರಗಿನಿಂದ ಒಬ್ಬ ದಾಟಿದರು. ಮೂರನೆಯವನು ದಾಟುವಾಗ ಎಡಗೈ ಎತ್ತಿ ವಂದಿಸಿದ. ಅದು ಹದಿನಾಲ್ಕರ ಹುಡುಗ. ಅವನದೂ ನಿಂಜಾ 400. ರಸ್ತೆಯಲ್ಲಿ ಒಬ್ಬನೇ ಕಾರು ಓಡಿಸಲು ಮಿಷಿಗನ್ ಕಾನೂನು ಇನ್ನೂ ಬಿಡುವುದಿಲ್ಲ, ರೇಸಿಗೆ ಅವನನ್ನೂ ಬೈಕನ್ನೂ ಅಮ್ಮ ವ್ಯಾನಿನಲ್ಲಿ ಕರೆತಂದಿದ್ದಳು.

ಫಲಿತಾಂಶದ ಹಾಳೆಯನ್ನು ಗೋಡೆಗೆ ಅಂಟಿಸಿದರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಹೈಸ್ಕೂಲಿನ ನೋಟಿಸ್ ಬೋರ್ಡಿನ ಮುಂದೆ ನಿಂತಂತೆ ರಾಯರು ಕೆಳಗಿನಿಂದ ಮೇಲಕ್ಕೆ ಬೆರಳಾಡಿಸಿದರು. ಬೆರಳು ಬಹಳ ದೂರ ಹೋಗಬೇಕಾಗಲಿಲ್ಲ: ಹದಿಮೂರು ಜನರಲ್ಲಿ ಹನ್ನೊಂದು. ಹನ್ನೆರಡನೆಯವನ ಚೈನು ಕಳಚಿತ್ತು, ಹದಿಮೂರನೆಯವನ ಗಾಡಿ ಹೊರಟೇ ಇರಲಿಲ್ಲ.

ಅಂದಿನಿಂದ ರಾಯರ ಮಾತಿನ ಧಾಟಿಯೇ ಬದಲಾಗಿದೆ. ಟ್ರ್ಯಾಕ್ ಡೇಯ ಕಾಲದಲ್ಲಿ ಅವರ ಹತ್ತಿರ ಸಾಧನೆಗಳಿದ್ದವು, ಈಗ ಕಾರಣಗಳಿವೆ. ಟೈರಿನ ಒತ್ತಡ ಒಂದು ಪಿಎಸ್‌ಐ ಹೆಚ್ಚಾಗಿತ್ತು. ಟೈರು ಬಿಸಿ ಮಾಡುವ ಹೊದಿಕೆಗೆ ಜನರೇಟರಿನ ಕರೆಂಟು ಸಾಲಲಿಲ್ಲ. ಹಿಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ. ಇವೆಲ್ಲಕ್ಕೂ ಮೇಲೆ ತೂಕ: "ಆ ಹುಡುಗ ನಲವತ್ತೈದು ಕೆಜಿ, ನಾನು ಎಂಬತ್ತೆಂಟು. ಭೌತಶಾಸ್ತ್ರದ ಪ್ರಕಾರ ಗೆದ್ದವನು ನಾನೇ." ಹಾಗಾದರೆ ತೂಕ ಇಳಿಸಬಹುದಲ್ಲ ಎಂದರೆ, ಬೈಕಿನ ತೂಕ ಇಳಿಸಲು ಟೈಟಾನಿಯಂ ಬೋಲ್ಟುಗಳನ್ನು ತರಿಸುತ್ತಾರೆ. ಆ ಬೋಲ್ಟುಗಳು ಒಟ್ಟು ಉಳಿಸುವ ಗ್ರಾಮುಗಳು ಮಧ್ಯಾಹ್ನ ಡೇರೆಯ ಕೆಳಗೆ ತಿಂದ ಪುಳಿಯೋಗರೆಯಲ್ಲಿ ವಾಪಸ್ ಬರುತ್ತವೆ. ಆ ಪುಳಿಯೋಗರೆಗೆ ಈಗ ಪ್ಲಂಬರೂ ದಂತವೈದ್ಯರೂ ತಟ್ಟೆ ಹಿಡಿದು ಬರುತ್ತಾರೆ. ರೇಸಿನವರು ಡೇರೆ ಹಾಕುವ ಪ್ಯಾಡಾಕಿನಲ್ಲಿ ರಾಯರಿಗೆ ಇರುವ ಗೌರವ ಮುಖ್ಯವಾಗಿ ಆ ಡಬ್ಬಿಯದು ಎಂದು ನನ್ನ ಅನುಮಾನ.

ಆದರೆ ಒಂದು ಮಾತು ಅವರ ಪರವಾಗಿ ಹೇಳಲೇಬೇಕು. ಆ ಹನ್ನೊಂದನೇ ಸ್ಥಾನದ ರೇಸಿನಲ್ಲಿ ಅವರ ಒಂದು ಸುತ್ತಿನ ಸಮಯ, ಟ್ರ್ಯಾಕ್ ಡೇಯ ತಮ್ಮ ಅತ್ಯುತ್ತಮಕ್ಕಿಂತ ಮೂರು ಸೆಕೆಂಡ್ ಕಡಿಮೆಯಿತ್ತು. ಧ್ಯಾನದಲ್ಲಿ ಬಾರದ ಮೂರು ಸೆಕೆಂಡು ಆ ಹುಡುಗನ ಬೆನ್ನು ಹತ್ತಿದಾಗ ಬಂತು. ಮುಂದಿರುವವನು ಎಲ್ಲಿ ಬ್ರೇಕ್ ಹಿಡಿದ ಎಂಬುದು ಕಣ್ಣಿಗೆ ಕಂಡರೆ, ತಾನೂ ಅಲ್ಲಿಯವರೆಗೆ ಹಿಡಿಯದೆ ಹೋಗಬಹುದು ಎಂದು ಕೈಗೆ ತಿಳಿಯುತ್ತದೆ. ಯಾವ ಎಕ್ಸೆಲ್ ಹಾಳೆಯೂ ಕಲಿಸದ ಪಾಠ ಅದು. ಬೈಕೆಂದರೆ ನನಗೆ ಅಷ್ಟಕ್ಕಷ್ಟೇ, ಆದರೂ ಇದನ್ನು ಹೇಳುವಾಗ ರಾಯರ ಮುಖ ನೋಡಿದರೆ ಅವರು ಕೊಟ್ಟ ಕಾರಣಗಳನ್ನೆಲ್ಲ ಕ್ಷಮಿಸಬೇಕೆನಿಸುತ್ತದೆ.

ಮನೆಯಾಕೆ ಮಾತ್ರ ಸುಲಭಕ್ಕೆ ಕ್ಷಮಿಸಲಿಲ್ಲ. ಹನ್ನೊಂದನೇ ಸ್ಥಾನವನ್ನು ಸಮರ್ಥಿಸಲು ರಾಯರು ದಕಾರ್ ರ‍್ಯಾಲಿಯನ್ನು ಎಳೆದು ತಂದರು: "ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ 36ನೆಯವರಾಗಿ ಮುಗಿಸಿದರು. ದಕಾರ್ ಪೂರ್ತಿ ಮಾಡಿದ ಮೊದಲ ಭಾರತೀಯ. ದೇಶವೇ ಕೊಂಡಾಡಿತು. ಕೆ.ಪಿ. ಅರವಿಂದ್ 2019ರಲ್ಲಿ 37. ಲೆಕ್ಕ ಹಾಕು, ನಾನು 11."

"ಅರವಿಂದ್ ಅಂದರೆ ಬಿಗ್ ಬಾಸ್ ಕನ್ನಡದಲ್ಲಿ ಎರಡನೇ ಸ್ಥಾನ ಬಂದವರಲ್ವಾ?" ಎಂದಳು ಆಕೆ. "ಅವರಿಗೆ ಇನ್ನೊಂದು ಕಸುಬಾದರೂ ಇತ್ತು."

ಆದರೂ ಮುಂದಿನ ರೇಸಿಗೆ, ಇಲಿನಾಯ್ ಮತ್ತು ವಿಸ್ಕಾನ್ಸಿನ್ ಗಡಿಯಲ್ಲಿರುವ ಬ್ಲ್ಯಾಕ್‌ಹಾಕ್ ಫಾರ್ಮ್ಸ್‌ಗೆ, ಶಿಕಾಗೋ ಟ್ರಾಫಿಕ್ಕಿನ ನಡುವೆ ಟ್ರೇಲರ್ ಎಳೆದುಕೊಂಡು ಹೋದ ವ್ಯಾನಿನ ಮುಂದಿನ ಸೀಟಿನಲ್ಲಿ ಆಕೆಯೇ ಕೂತಿದ್ದಳು. ರೇಸಿನ ಹೊತ್ತಿಗೆ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು. ಆ ಹುಡುಗನ ಅಮ್ಮನ ಪಕ್ಕದಲ್ಲೇ ಬೇಲಿಗೊರಗಿ ನಿಂತು, "ನಿಮ್ಮ ಮಗ ನಾಲ್ಕನೇ ತಿರುವಿನಲ್ಲಿ ಬಹಳ ಬೇಗ ಬ್ರೇಕ್ ಹಿಡೀತಾನೆ" ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳಂತೆ. ರ‍್ಯಾಂಕಿನ ರೋಗ ಆಕೆಯ ತವರಿನಲ್ಲೂ ಇದ್ದದ್ದೇ.

ವಿಮೆಯ ಅರ್ಜಿಯಲ್ಲಿ ಈಗ "ಹೌದು" ಎಂದು ಬರೆದಿದ್ದಾರೆ, ಕಂತು ಏರಿದೆ. ಮೈಸೂರಿನ ತಾಯಿಗೆ ಇನ್ನೂ ಆಫೀಸ್ ಕೆಲಸವೇ. ಬಡಾವಣೆಯ ಸಂಘದವರು ಮನೆಯ ಮುಂದೆ ಟ್ರೇಲರ್ ನಿಲ್ಲಿಸಬಾರದೆಂದು ಕಾಗದ ಕಳಿಸಿದ್ದರಿಂದ ಅದು ಶುಕ್ರವಾರ ಸಂಜೆ ಬಂದು, ಕತ್ತಲಾಗುವುದರೊಳಗೆ ಬೈಕು, ಜನರೇಟರು, ಡೇರೆ, ಪುಳಿಯೋಗರೆ ಡಬ್ಬಿ ಎಲ್ಲವನ್ನೂ ತುಂಬಿಕೊಂಡು ಹೊರಡುತ್ತದೆ. ಬೇಸಿಗೆಯಲ್ಲಿ ಫಾರ್ಮಿಂಗ್ಟನ್ ಹಿಲ್ಸ್‌ನ ನೆಂಟರ ಮನೆಗೆ ಬಂದ ಕನ್ನಡಿಗರು ಆ ಹೊತ್ತಿಗೆ ವಾಕಿಂಗ್ ಹೊರಟು ಇಂಥದ್ದೊಂದು ಮನೆಯನ್ನು ಕಂಡರೆ, ಕೈ ಬೀಸಿ ಮುಂದೆ ನಡೆಯಿರಿ. ಸೌಜನ್ಯಕ್ಕೂ "ಏನಾದರೂ ಸಹಾಯ ಬೇಕಾ?" ಎಂದು ಕೇಳಬೇಡಿ. ಕೇಳಿದವರು ಭಾನುವಾರ ಮಧ್ಯಾಹ್ನ ಗ್ರ್ಯಾಟನ್‌ನ ಬಿಸಿಲಿನಲ್ಲಿ ರಾಯರ ತಲೆಯ ಮೇಲೆ ಛತ್ರಿ ಹಿಡಿದು ನಿಂತಿರುತ್ತಾರೆ.