ಸೇತುವೆ ಬಂತು, ನೆಪ ಹೋಯ್ತು

ಭೂಮಿ ಹುಣ್ಣಿಮೆಗೆ ಎರಡೇ ದಿನ. ಬ್ಯಾಕೋಡಿನ ಒಂದು ಜಗಲಿ. ಹೆಂಡತಿ ಕೆಮ್ಮಣ್ಣು ಬಳಿದ ಭೂಮಣ್ಣಿ ಬುಟ್ಟಿಗೆ ಅಕ್ಕಿಹಿಟ್ಟಿನ ಎಳೆ ಬರೆಯುತ್ತಿದ್ದಾಳೆ. ಗಂಡ ಮೊಬೈಲ್ ಒರೆಸುತ್ತಿದ್ದಾನೆ.

“ಸಾಗರಕ್ಕೆ ಹೋಗಿ ಹಬ್ಬದ ಸಾಮಾನು ತರ್ತೀರಾ?”

“ಲಾಂಚ್ ತಪ್ಪಿಹೋಗುತ್ತೆ ಕಣೇ.”

“ಅಂಬಾರಗೋಡ್ಲು ಸೇತುವೆ ಉದ್ಘಾಟನೆಯಾಗಿದ್ದು 2025ರ ಜುಲೈನಲ್ಲಿ. ನಿಮ್ಮ ಲಾಂಚ್ ಮಾತ್ರ ಇನ್ನೂ ತಪ್ತಾನೇ ಇದೆ!”

“ಲಿಂಗನಮಕ್ಕಿ ಹಿನ್ನೀರು ಬಂದಾಗಿನಿಂದ ಅರವತ್ತು ವರ್ಷದ ನೆಪ. ಒಂದೇ ಸಲಕ್ಕೆ ಬಿಡೋಕಾಗುತ್ತಾ?”

“ಇರಲಿ, ತೋಟಕ್ಕೆ ಮೂರನೇ ಸಲ ಬೋರ್ಡೋ ಹೊಡೆಸಿದ್ರಾ?”

“ಮಳೆ ಬಿಡಲಿ.”

“ನಿನ್ನೆ ಬಿಸಿಲಿತ್ತಲ್ಲ?”

“ನಿನ್ನೆ ಸೇತುವೆ ಮೇಲೆ ರೀಲ್ಸ್ ಮಾಡ್ತಿದ್ದೆ. ಶರದೃತುವಿನ ಬೆಳಕು ಕಾಯಲ್ಲ ಕಣೇ.”

“ಕೊಳೆರೋಗವೂ ಕಾಯಲ್ಲ! ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಲೈಕು ಬೆರೆಸಿದ್ರೆ ಅಡಿಕೆ ಉಳಿಯಲ್ಲ.”

ಫೋನ್ ರಿಂಗಾಯಿತು. ಗಂಡನ ಮುಖ ಬಾಡಿತು.

“ಬೆಂಗಳೂರಿನ ನೆಂಟರು. ಸೇತುವೆ ಆಯ್ತಲ್ಲ, ಹಬ್ಬಕ್ಕೆ ಕಾರಲ್ಲೇ ಬರ್ತಾರಂತೆ. ಹನ್ನೊಂದು ಜನ, ನಾಲ್ಕು ದಿನ!”

ಹೆಂಡತಿಯ ಕೈಯ ಎಳೆ ಸೊಟ್ಟಗಾಯಿತು.

“ಬೇಗ ಹೇಳ್ರೀ, ಲಾಂಚ್ ತಪ್ಪಿಹೋಗುತ್ತೆ ಅಂತ!”