ಎಲ್ಲರೂ ಹಾಗಲ್ಲ ಸ್ವಾಮಿ

ಅಮೆರಿಕದ ಪೊಲೀಸರು ಲಂಚ ತಿನ್ನುವುದನ್ನು 1954ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ಅಮಾಯಕರನ್ನು ಬಡಿಯುವುದನ್ನೂ ಆಗಲೇ ಬಿಟ್ಟರು. ನ್ಯಾಯಾಧೀಶರು ಸತ್ಯಹರಿಶ್ಚಂದ್ರರಾದರು. ಅಧಿಕಾರಿಗಳು ಕೈ ತೊಳೆದುಕೊಂಡು ಕಚೇರಿಗೆ ಬರತೊಡಗಿದರು. ನಂಬಿಕೆ ಬರದಿದ್ದರೆ ಆಮೇಲಿನ ಹದಿನೈದು ವರ್ಷಗಳ ಸೂಪರ್‌ಹೀರೋ ಕಾಮಿಕ್ಸ್ ತೆರೆದು ನೋಡಿ.

ಆದದ್ದಿಷ್ಟು. ಫ್ರೆಡ್ರಿಕ್ ವರ್ದಮ್ ಎಂಬ ಮನೋವೈದ್ಯ ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆಂದು ಪುಸ್ತಕ ಬರೆದ. ಸೆನೆಟ್ ಸಮಿತಿ ವಿಚಾರಣೆಗೆ ಕೂತಿತು. ಪ್ರಕಾಶಕರ ಎದೆ ಢವಢವ. ಸರ್ಕಾರ ಕತ್ತರಿ ಹಿಡಿಯುವ ಮೊದಲೇ ತಾವೇ ಕತ್ತರಿ ತಂದು ತಮ್ಮ ನಾಲಗೆ ಕತ್ತರಿಸಿಕೊಂಡರು. ಅದಕ್ಕೆ ಕಾಮಿಕ್ಸ್ ಕೋಡ್ ಎಂದು ಹೆಸರಿಟ್ಟರು. ಮುಖಪುಟದ ಮೂಲೆಯಲ್ಲಿ ಅಂಚೆಚೀಟಿಯಂಥ ಮುದ್ರೆ. ಮುದ್ರೆ ಇಲ್ಲದ ಪುಸ್ತಕವನ್ನು ಸಗಟು ವ್ಯಾಪಾರಿಗಳು ಮುಟ್ಟಲು ಹಿಂಜರಿಯುತ್ತಿದ್ದರು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಮೇಲೆ ಅಗೌರವ ಹುಟ್ಟುವಂತೆ ಏನನ್ನೂ ತೋರಿಸಕೂಡದು ಎಂಬುದು ಅದರದೊಂದು ಕಲಮು.

ಗೌರವ ಹುಟ್ಟುವಂತೆ ಅವರು ನಡೆದುಕೊಳ್ಳತಕ್ಕದ್ದು ಎಂಬ ಕಲಮು ಯಾರಿಗೂ ಹೊಳೆಯಲಿಲ್ಲ.

ಮುಂದಿನ ವರ್ಷವೇ ಮಿಸಿಸಿಪ್ಪಿಯಲ್ಲಿ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಕೊಂದು ನದಿಗೆ ಎಸೆದರು. ಇಬ್ಬರು ಬಿಳಿಯರ ಮೇಲೆ ಮೊಕದ್ದಮೆ ನಡೆಯಿತು. ಕೌಂಟಿಯ ಶೆರಿಫ್ ಕಟಕಟೆ ಹತ್ತಿ ಸಾಕ್ಷಿ ಹೇಳಿದ. ಯಾರ ಪರ? ಆರೋಪಿಗಳ ಪರ. ಸಿಕ್ಕ ಹೆಣ ಆ ಹುಡುಗನದ್ದೇ ಎಂದು ಹೇಳಲು ಬರುವುದಿಲ್ಲ ಎಂದ. ಬಿಳಿಯರೇ ಕೂತಿದ್ದ ಜ್ಯೂರಿ ಒಂದು ಗಂಟೆ ಚಿಲ್ಲರೆ ತಲೆ ಕೆರೆದುಕೊಂಡು ಇಬ್ಬರನ್ನೂ ಬಿಟ್ಟಿತು. ಈ ಶೆರಿಫ್‌ನನ್ನು ಇದ್ದ ಹಾಗೇ ಹತ್ತು ಸೆಂಟಿನ ಕಾಮಿಕ್ಸಿನಲ್ಲಿ ಬರೆದಿದ್ದರೆ ಮುದ್ರೆ ಸಿಗುತ್ತಿರಲಿಲ್ಲ. ಅವನ ಘನತೆಗೆ ಕುಂದು.

ಕೋಡಿಗಿಂತ ಮೊದಲು ಬರೆದವರಿದ್ದರು. 1952ರಲ್ಲಿ ಈಸಿ ಕಾಮಿಕ್ಸ್ ಸಂಸ್ಥೆ ‘ದಿ ಗಿಲ್ಟಿ’ ಎಂಬ ಕಥೆ ಅಚ್ಚು ಹಾಕಿತ್ತು. ಬಿಳಿ ಹೆಂಗಸಿನ ಕೊಲೆ, ಕಪ್ಪು ಮನುಷ್ಯನ ಮೇಲೆ ಆರೋಪ. ಶೆರಿಫ್ ಅವನನ್ನು ದಾರಿಯಲ್ಲೇ ಗುಂಡಿಟ್ಟು ಕೊಲ್ಲುತ್ತಾನೆ. ತಪ್ಪಿಸಿಕೊಳ್ಳಲು ನೋಡಿದ ಎನ್ನುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಕೊಲೆ ಮಾಡಿದವನು ಬೇರೆ. ‘ತಪ್ಪಿಸಿಕೊಳ್ಳಲು ಯತ್ನಿಸಿದಾಗ’ ಎಂಬ ವಾಕ್ಯವನ್ನು ಪತ್ರಿಕೆಯ ಒಳಪುಟದಲ್ಲಿ ಓದಿ ಓದಿ ಬಾಯಿಪಾಠವಾದ ನಮಗೆ ಈ ಕಥೆಗೆ ಅನುವಾದ ಬೇಕಿಲ್ಲ. ಅಂಥ ಕಥೆ ಹಾಕಿದ ಸಂಸ್ಥೆ ಕೋಡ್ ಬಂದ ಎರಡು ವರ್ಷದೊಳಗೆ ಕಾಮಿಕ್ಸ್ ಅಂಗಡಿ ಮುಚ್ಚಿತು. ‘ಮ್ಯಾಡ್’ ಎಂಬ ನಗೆಪತ್ರಿಕೆಯೊಂದು ಉಳಿಯಿತು. ನಗಲಿಕ್ಕೆ ಅಡ್ಡಿಯಿರಲಿಲ್ಲ.

ಸೂಪರ್‌ಮ್ಯಾನ್ ಕೂಡ ಹುಟ್ಟಿದಾಗ ಪೊಲೀಸರ ಗೆಳೆಯನಾಗಿರಲಿಲ್ಲ. 1938ರ ಮೊದಲ ಕಥೆಯಲ್ಲೇ ರಾಜ್ಯಪಾಲನ ಮನೆ ಬಾಗಿಲು ಒಡೆದು ನುಗ್ಗಿ, ಗಲ್ಲಿಗೇರಬೇಕಿದ್ದ ನಿರಪರಾಧಿ ಹೆಂಗಸನ್ನು ಉಳಿಸಿದವನು. ಮರುವರ್ಷ ಕೊಳೆಗೇರಿಯನ್ನೇ ಕೆಡವಿ, ಸರ್ಕಾರ ಬಡವರಿಗೆ ಹೊಸ ಮನೆ ಕಟ್ಟಿಕೊಡಲೇಬೇಕಾಗುವಂತೆ ಮಾಡಿದ. ಆಗ ಪೊಲೀಸರು ಅವನ ಬೆನ್ನು ಹತ್ತಿದ್ದರು. ಆಮೇಲೆ ಅವನೂ ಸಂಭಾವಿತನಾದ. ಬ್ಯಾಟ್‌ಮ್ಯಾನ್‌ನಂತೂ 1941ರಲ್ಲೇ ಕಮಿಷನರ್ ಗಾರ್ಡನ್ ಗೌರವ ಪೊಲೀಸ್ ಮಾಡಿಕೊಂಡ. ಅರ್ಜಿ ಇಲ್ಲ, ದೈಹಿಕ ಪರೀಕ್ಷೆ ಇಲ್ಲ. ನಮ್ಮ ಹುಡುಗರು ಪಿಎಸ್‌ಐ ಪರೀಕ್ಷೆಗೆ ವರ್ಷಗಟ್ಟಲೆ ಓದುತ್ತಾರೆ, ಪಾಪ.

1963ರ ಮೇ ತಿಂಗಳು. ಅಮೆರಿಕದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಪೊಲೀಸ್ ವರಿಷ್ಠ ಬುಲ್ ಕಾನರ್‌ನ ಪೊಲೀಸರು ಸಮಾನ ಹಕ್ಕು ಕೇಳುತ್ತಿದ್ದ ಕಪ್ಪು ಶಾಲಾ ಮಕ್ಕಳ ಮೆರವಣಿಗೆಯ ಮೇಲೆ ನಾಯಿ ಬಿಟ್ಟಿದ್ದರು. ಅವನ ಕೈಕೆಳಗಿನ ಅಗ್ನಿಶಾಮಕದವರು ಬೆಂಕಿ ಆರಿಸುವ ನೀರಿನ ಪೈಪಿನಿಂದ ಮಕ್ಕಳನ್ನು ಗೋಡೆಗೆ ಬಡಿಯುತ್ತಿದ್ದರು. ಆ ಹೊತ್ತಿಗೆ ಸ್ಪೈಡರ್‌ಮ್ಯಾನ್ ಏನು ಮಾಡುತ್ತಿದ್ದ? ನ್ಯೂಯಾರ್ಕಿನಲ್ಲಿ ಕಳ್ಳರನ್ನು ಬಲೆಯಲ್ಲಿ ಸುತ್ತಿ ಪೊಲೀಸರಿಗಾಗಿ ನೇತುಹಾಕುತ್ತಿದ್ದ. ಎಫ್‌ಐಆರ್ ಇಲ್ಲ. ಮಹಜರು ಇಲ್ಲ. ಹಿಡಿದವನು ಯಾರೆಂದು ಹಿಡಿದವನಿಗೆ ಮಾತ್ರ ಗೊತ್ತು. ಸಣ್ಣ ಊರಿನ ಜೂನಿಯರ್ ವಕೀಲನೂ ಅರ್ಧ ಗಂಟೆಯಲ್ಲಿ ಜಾಮೀನು ತರುತ್ತಾನೆ.

1971ರಲ್ಲಿ ಕೋಡನ್ನು ಸಡಿಲಿಸಿದರು. ಇನ್ನು ಮುಂದೆ ಭ್ರಷ್ಟ ಪೊಲೀಸನನ್ನು ತೋರಿಸಬಹುದು. ಎರಡೇ ಷರತ್ತು. ಅವನು ಅಪವಾದವಾಗಿರಬೇಕು. ಕೊನೆಗೆ ಕಾನೂನು ಪ್ರಕಾರ ಶಿಕ್ಷೆಯಾಗಬೇಕು.

ಅದೇ ವರ್ಷ, ಅದೇ ನ್ಯೂಯಾರ್ಕ್. ಮಾರ್ವೆಲ್ ಮತ್ತು ಡಿಸಿ ಎರಡರ ಕಚೇರಿಯೂ ಇದ್ದ ಊರು. ಮಾಮೂಲು ಮುಟ್ಟದ ಫ್ರಾಂಕ್ ಸರ್ಪಿಕೋ ಎಂಬ ಪೊಲೀಸ್ ಅಧಿಕಾರಿಗೆ ಫೆಬ್ರವರಿಯಲ್ಲಿ ಮುಖಕ್ಕೆ ಗುಂಡು ಬಿತ್ತು. ಇಲಾಖೆಯ ಲಂಚದ ಬಗ್ಗೆ ನ್ಯಾಪ್ ಆಯೋಗ ಬಹಿರಂಗ ವಿಚಾರಣೆ ನಡೆಸಿತು. ಲಂಚ ಇಲಾಖೆಯ ತುಂಬ ಹರಡಿದೆ ಎಂದಿತು. ಪೊಲೀಸರನ್ನು ಅದು ಹುಲ್ಲು ತಿನ್ನುವವರು, ಮಾಂಸ ತಿನ್ನುವವರು ಎಂದು ಎರಡು ಜಾತಿ ಮಾಡಿತು. ಹುಲ್ಲಿನವರು ಬಂದದ್ದನ್ನು ಮೇಯುವವರು. ಮಾಂಸದವರು ಬೇಟೆಗೇ ಹೊರಡುವವರು. ಎಲ್ಲೋ ಒಬ್ಬಿಬ್ಬರು ಕೆಟ್ಟವರು ಎಂಬ ವಾದವನ್ನು ಆಯೋಗ ಹೆಸರು ಹಿಡಿದು ತಳ್ಳಿಹಾಕಿತು.

ಅದೇ ಊರಿನಲ್ಲಿ ಕೂತು ಕಾಮಿಕ್ಸ್ ಬರೆಯುವವನು ಮಾತ್ರ ‘ಎಲ್ಲರೂ ಹಾಗಲ್ಲ ಸ್ವಾಮಿ, ಐದೂ ಬೆರಳು ಸಮ ಇರುತ್ತದೆಯೇ’ ಎಂದು ಬರೆಯಬೇಕಿತ್ತು. ಬರೆದ.

ಮಾರ್ವೆಲ್ 2001ರಲ್ಲಿ ಕೋಡ್ ಬಿಟ್ಟಿತು. 2011ರಲ್ಲಿ ಡಿಸಿಯೂ ಬಿಟ್ಟಿತು. ಕೋಡ್ ಸತ್ತಿತು. ತಿಥಿ ಮಾತ್ರ ಆಗಲಿಲ್ಲ, ಇನ್ನೂ ಮನೆಯಲ್ಲೇ ಓಡಾಡಿಕೊಂಡಿದೆ.

2015ರ ‘ಆ್ಯಕ್ಷನ್ ಕಾಮಿಕ್ಸ್’ ನೋಡಿ. ಅಮೆರಿಕದ ಫರ್ಗ್ಯುಸನ್ನಿನಲ್ಲಿ ಮೈಕಲ್ ಬ್ರೌನ್ ಎಂಬ ಕಪ್ಪು ಯುವಕನನ್ನು ಪೊಲೀಸ್ ಗುಂಡು ಕೊಂದ ಮರುವರ್ಷ. ಶಕ್ತಿ ಕಳೆದುಕೊಂಡ ಸೂಪರ್‌ಮ್ಯಾನ್ ತನ್ನ ಬೀದಿಯ ಜನರ ಜೊತೆ ನಿಂತಿದ್ದಾನೆ. ಎದುರಿಗೆ ಹೆಲ್ಮೆಟ್ಟು ಗುರಾಣಿ ಹೊತ್ತ ಪೊಲೀಸ್ ಪಡೆ. ಶಾಂತವಾಗಿದ್ದ ಜನರ ಮೇಲೆ ಲಾಠಿ ಬೀಸುತ್ತಾರೆ. ಸೂಪರ್‌ಮ್ಯಾನ್ ಮುಷ್ಟಿ ಬಿಗಿದು ಸಾರ್ಜೆಂಟನ ಮುಖಕ್ಕೆ ಗುದ್ದುತ್ತಾನೆ. ಭಲೇ ಎಂದೆ. ಎಪ್ಪತ್ತೇಳು ವರ್ಷದ ಮೇಲೆ ಮುದುಕನಿಗೆ ಯೌವನ ಬಂತು ಅಂದುಕೊಂಡೆ.

ಮುಂದಿನ ಸಂಚಿಕೆ ಬಂತು. ಆ ಸಾರ್ಜೆಂಟ್ ಮನುಷ್ಯನೇ ಅಲ್ಲವಂತೆ. ನೆರಳಿನ ರಾಕ್ಷಸನಂತೆ.

ತಪ್ಪಾಯಿತು, ಪೊಲೀಸರೇ. ನೀವಲ್ಲ ಹೊಡೆದದ್ದು. ನಿಮ್ಮ ಮೈಮೇಲೆ ಬಂದಿತ್ತು.

ಒಮ್ಮೆ ಕಣ್ಣಿಗೆ ಬಿತ್ತು ನೋಡಿ, ಆಮೇಲೆ ಎಲ್ಲೆಲ್ಲೂ ಇದೇ ಕಾಣತೊಡಗಿತು. 2016ರಲ್ಲಿ ಕಪ್ಪು ಕ್ಯಾಪ್ಟನ್ ಅಮೆರಿಕ ಸ್ಯಾಮ್ ವಿಲ್ಸನ್‌ನ ಕಥೆಗಳಲ್ಲಿ ಬಡವರ ಕೇರಿಗೆ ನುಗ್ಗಿ ಹುಡುಗರನ್ನು ಬಡಿಯುವ ಪಡೆಯೊಂದು ಬಂತು. ಹೆಸರು ಅಮೆರಿಕಾಪ್ಸ್. ಮಾಡದ ಕಳ್ಳತನಕ್ಕೆ ಒಬ್ಬ ಕಪ್ಪು ಯುವಕನನ್ನು ಚಚ್ಚಿ ಜೈಲಿಗೆ ಹಾಕುತ್ತಾರೆ. ಕಥೆಗಾರನಿಗೆ ಸಿಟ್ಟಿತ್ತು, ಒಪ್ಪುತ್ತೇನೆ. ಆದರೆ ಈ ಅಮೆರಿಕಾಪ್ಸ್ ಸರ್ಕಾರಿ ಪೊಲೀಸರಲ್ಲ, ಶ್ರೀಮಂತರು ಸಾಕಿದ ಖಾಸಗಿ ಪಡೆ. ಅದೇ ಲಾಠಿ, ಅದೇ ಬೂಟು. ಸಂಬಳದ ಚೀಟಿ ಮಾತ್ರ ಬೇರೆ. ಇಲಾಖೆಯ ಇಸ್ತ್ರಿ ಹಾಳಾಗಲಿಲ್ಲ. ಬ್ಯಾಟ್‌ಮ್ಯಾನ್‌ನ 44ನೇ ಸಂಚಿಕೆಯಲ್ಲಿ ಕಪ್ಪು ಹುಡುಗನ ಮೇಲೆ ಪೊಲೀಸನೇ ಗುಂಡು ಹಾರಿಸುತ್ತಾನೆ. ಆ ಮಟ್ಟಿಗೆ ಧೈರ್ಯ. ಜೊತೆಗೆ ಮಾಯದ ಬೀಜ ಹಂಚುವ ಖಳನೊಬ್ಬನನ್ನೂ ಕರೆತರದಿದ್ದರೆ ಕಥೆಗಾರನಿಗೆ ನಿದ್ದೆ ಬರುತ್ತಿರಲಿಲ್ಲವೇನೋ.

ಇಲಾಖೆಯೇ ಕೊಳೆತಿದೆ ಎಂದು ನೇರವಾಗಿ ಬರೆದ ಕಥೆಗಳಿಲ್ಲವೇ? ಇವೆ. ಫ್ರಾಂಕ್ ಮಿಲ್ಲರ್ ಬರೆದು ಡೇವಿಡ್ ಮ್ಯಾಜುಕೆಲ್ಲಿ ಚಿತ್ರಿಸಿದ 1987ರ ‘ಬ್ಯಾಟ್‌ಮ್ಯಾನ್: ಇಯರ್ ಒನ್’ ನನಗೆ ಇಷ್ಟದ ಪುಸ್ತಕ. ಗಾರ್ಡನ್ ಎಂಬ ಪ್ರಾಮಾಣಿಕ ಪೊಲೀಸ್ ಅಧಿಕಾರಿ ಗಾಥಮ್ ನಗರಕ್ಕೆ ವರ್ಗವಾಗಿ ಬರುತ್ತಾನೆ. ಕಮಿಷನರ್ ಲೋಬ್ ಕಳ್ಳ. ಡಿಟೆಕ್ಟಿವ್ ಫ್ಲಾಸ್ ಬೀದಿ ಹುಡುಗರನ್ನು ಮೋಜಿಗೆ ಬಡಿಯುವವನು. ಗಾರ್ಡನ್ ಲಂಚ ತಿನ್ನದ್ದಕ್ಕೆ ಸಹೋದ್ಯೋಗಿಗಳೇ ಮುಖ ಮುಚ್ಚಿಕೊಂಡು ಬ್ಯಾಟುಗಳಲ್ಲಿ ಹೊಡೆಯುತ್ತಾರೆ. ಇದು ನಿಜ ಅನ್ನಿಸುತ್ತದೆ. ಆಮೇಲೆ ಗಾರ್ಡನ್ ಏನು ಮಾಡುತ್ತಾನೆ? ದೂರು ಕೊಡುವುದಿಲ್ಲ. ಕೊಡಲು ಜಾಗವೂ ಇಲ್ಲ ಅನ್ನಿ. ಫ್ಲಾಸ್‌ನನ್ನು ರಾತ್ರಿ ಅಡ್ಡಗಟ್ಟಿ, ಮನಸಾರೆ ಬಡಿದು, ಬಟ್ಟೆ ಬಿಚ್ಚಿ, ಕೈಕೋಳ ಹಾಕಿ ಹಿಮದಲ್ಲಿ ಬಿಟ್ಟು ಹೋಗುತ್ತಾನೆ.

ಪೊಲೀಸ್ ದೌರ್ಜನ್ಯಕ್ಕೆ ಮದ್ದು ಸಿಕ್ಕಿತು. ಇನ್ನೊಬ್ಬ ಪೊಲೀಸನ ದೌರ್ಜನ್ಯ.

ಅದೂ ಸಾಲದಿದ್ದರೆ ಬ್ಯಾಟ್‌ಮ್ಯಾನ್ ಇದ್ದಾನೆ. ಅವನ ತನಿಖಾ ವಿಧಾನ ನಿಮಗೆ ಗೊತ್ತು. ಶಂಕಿತನ ಕಾಲು ಹಿಡಿದು ಮೂವತ್ತನೇ ಮಹಡಿಯಿಂದ ತಲೆಕೆಳಗೆ ನೇತಾಡಿಸುವುದು. ಬೆರಳು ಮುರಿಯುವುದು. ಶಂಕಿತ ಬಾಯಿಬಿಡುತ್ತಾನೆ. ಹೇಳಿದ್ದೆಲ್ಲ ನಿಜವಾಗಿರುತ್ತದೆ! ಕಾಮಿಕ್ಸಿನಲ್ಲಿ ಹೊಡೆತ ತಿಂದವನು ನೋವು ತಾಳದೆ ಸುಳ್ಳು ಒಪ್ಪಿಕೊಳ್ಳುವುದು ತೀರಾ ಅಪರೂಪ. ಇದನ್ನು ನಮ್ಮಲ್ಲಿ ಥರ್ಡ್ ಡಿಗ್ರಿ ಎನ್ನುತ್ತಾರೆ. ಬಂಧಿತನ ಹಕ್ಕುಗಳೇನು ಎಂದು 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪಟ್ಟಿ ಮಾಡಿ, ಠಾಣೆಗಳಲ್ಲಿ ಎದ್ದು ಕಾಣುವ ಜಾಗದಲ್ಲಿ ತೂಗುಹಾಕಿ ಎಂದಿತು. ನಮ್ಮವರು ಬೋರ್ಡು ತೂಗುಹಾಕಿದರು. ಬ್ಯಾಟ್‌ಮ್ಯಾನ್ ಮನುಷ್ಯನನ್ನೇ ತೂಗುಹಾಕುತ್ತಾನೆ. ಕಮಿಷನರ್ ಗಾರ್ಡನ್ ತಾರಸಿಯ ಮೇಲೆ ಬೆನ್ನು ತಿರುಗಿಸಿ ಕನ್ನಡಕ ಒರೆಸಿಕೊಳ್ಳುತ್ತಾನೆ. ಪ್ರಾಮಾಣಿಕ ಅಧಿಕಾರಿ. ಈ ಸಲ ಒಂದು ಏಟೂ ತಾನಾಗಿ ಹೊಡೆಯಲಿಲ್ಲ.

ನಗಬೇಡಿ. ಇಂದ್ರಜಾಲ ಕಾಮಿಕ್ಸನ್ನು ಕನ್ನಡದಲ್ಲಿ ಓದಿ ಬೆಳೆದ ತಲೆಮಾರು ನಮ್ಮದು. ಫ್ಯಾಂಟಮ್ ಯಾರು? ಆಫ್ರಿಕಾದ ಕಾಡಿನಲ್ಲಿ ಕೂತು, ಮುಖ ತೋರಿಸದೆ, ಜಂಗಲ್ ಪ್ಯಾಟ್ರೋಲ್ ಎಂಬ ಪೊಲೀಸ್ ಪಡೆಗೆ ಗುಟ್ಟಾಗಿ ಅಪ್ಪಣೆ ಕೊಡುವ ಬಿಳಿಯ. ಗುದ್ದಿದರೆ ದವಡೆಯ ಮೇಲೆ ತಲೆಬುರುಡೆಯ ಗುರುತು, ಸಾಯುವ ತನಕ ಅಳಿಸುವುದಿಲ್ಲ. ವಿಚಾರಣೆಗೆ ಮೊದಲೇ ಮುದ್ರೆ. ಬೇಸಿಗೆ ರಜದಲ್ಲಿ ಪುರಿ ತಿನ್ನುತ್ತಾ ಓದಿದೆವು. ಯಾರೂ ಕೇಳಲಿಲ್ಲ.

ತಲೆಬುರುಡೆ ಎಂದಾಗ ಇನ್ನೊಂದು ನೆನಪಾಗುತ್ತದೆ. ಪನಿಶರ್. 1974ರಲ್ಲಿ ಜೆರ್ರಿ ಕಾನ್ವೇ ಸ್ಪೈಡರ್‌ಮ್ಯಾನ್‌ಗೆ ಎದುರಾಳಿಯಾಗಿ ಸೃಷ್ಟಿಸಿದ ಪಾತ್ರ. ಎದೆಯ ಮೇಲೆ ಬಿಳಿ ಬುರುಡೆ. ಕೆಲಸ ಕೊಲೆ. ಕೋರ್ಟು ಬೇಡ, ವಕೀಲ ಬೇಡ, ಬಂದೂಕು ಸಾಕು. ನ್ಯಾಯವ್ಯವಸ್ಥೆ ಸೋತಾಗ ಹುಟ್ಟುವ ಹುಚ್ಚು ಅವನು ಎಂದು ಸ್ವತಃ ಕಾನ್ವೇ ಹೇಳುತ್ತಾ ಬಂದ. ಕಾನೂನಿನ ಲೆಕ್ಕದಲ್ಲಿ ಪನಿಶರ್ ಸರಣಿ ಕೊಲೆಗಾರ.

ಅವನ ಗುರುತು ಯಾರಿಗೆ ಇಷ್ಟವಾಯಿತು ಹೇಳಿ? ಪೊಲೀಸರಿಗೆ.

2017ರಲ್ಲಿ ಕೆಂಟಕಿಯ ಕ್ಯಾಟ್ಲೆಟ್ಸ್‌ಬರ್ಗ್ ಎಂಬ ಪುಟ್ಟ ಊರಿನ ಪೊಲೀಸರು ಸರ್ಕಾರಿ ಕಾರುಗಳ ಮೇಲೇ ಬುರುಡೆ ಅಂಟಿಸಿದರು. ಜನ ಬೈದ ಮೇಲೆ ಕಿತ್ತರು. 2019ರಲ್ಲಿ ಸೇಂಟ್ ಲೂಯಿಸ್‌ನ ಕೆಲವು ಪೊಲೀಸರು ಫೇಸ್‌ಬುಕ್‌ನಲ್ಲಿ ಜನಾಂಗ ನಿಂದನೆ ಮಾಡಿ ಸಿಕ್ಕಿಬಿದ್ದಾಗ, ಅವರ ಸಂಘ ಸದಸ್ಯರಿಗೆ ಒಂದು ಕರೆ ಕೊಟ್ಟಿತು. ಬೆಂಬಲಕ್ಕಾಗಿ ಎಲ್ಲರೂ ಪನಿಶರ್ ಬುರುಡೆ ಹಾಕಿಕೊಳ್ಳಿ! ಅದೇ ವರ್ಷ ಮಾರ್ವೆಲ್ ಒಂದು ಕಥೆ ಬರೆಸಿತು. ತನ್ನ ಅಭಿಮಾನಿಗಳಾದ ಪೊಲೀಸರ ಕಾರಿನಿಂದ ಪನಿಶರ್‌ನೇ ಸ್ಟಿಕ್ಕರ್ ಕಿತ್ತು ಹರಿಯುತ್ತಾನೆ. ನೀವು ಪ್ರಮಾಣ ಮಾಡಿದವರು, ಮಾದರಿ ಬೇಕಿದ್ದರೆ ಕ್ಯಾಪ್ಟನ್ ಅಮೆರಿಕನನ್ನು ನೋಡಿ ಎಂದು ಬುದ್ಧಿ ಹೇಳುತ್ತಾನೆ. ಕೊಲೆಗಾರ ಪೊಲೀಸರಿಗೆ ಸಂವಿಧಾನದ ಪಾಠ ಮಾಡುವ ಮಟ್ಟಕ್ಕೆ ಬಂತು ವಿಷಯ.

ಪೊಲೀಸರು ಕೇಳಿಸಿಕೊಂಡರೇ? ಪೊಲೀಸ್ ದೌರ್ಜನ್ಯದ ವಿರುದ್ಧ ನಡೆದ 2020ರ ಪ್ರತಿಭಟನೆಗಳಲ್ಲೂ ಪೊಲೀಸರ ಸಮವಸ್ತ್ರದ ಮೇಲೆ ಬುರುಡೆ ಕಂಡಿತು. 2021ರ ಜನವರಿ 6ರಂದು ಕ್ಯಾಪಿಟಲ್ ಕಟ್ಟಡಕ್ಕೆ ನುಗ್ಗಿದ ಗುಂಪಿನಲ್ಲೂ ಅದೇ ಬುರುಡೆ ಕಂಡಿತು. ಆ ಗುಂಪು ಬಡಿಯುತ್ತಿದ್ದದ್ದು ಪೊಲೀಸರನ್ನು. 2022ರಲ್ಲಿ ಮಾರ್ವೆಲ್ ಕಥೆಯೊಳಗೆ ಪನಿಶರ್‌ನ ಲಾಂಛನವನ್ನೇ ಬದಲಿಸಿತು. ಕಳ್ಳ ಮನೆ ಸೇರಿದ ಮೇಲೆ ಮನೆಯ ನಂಬರು ಬದಲಿಸಿದ ಹಾಗೆ.

ಈಗ ಕಾಮಿಕ್ಸ್ ಅಲ್ಲದ ಒಂದು ಕಥೆ. ಬರೆದವರು ಮಿನಿಯಾಪೊಲಿಸ್ ಪೊಲೀಸರು. 2020ರ ಮೇ 25ರ ಘಟನೆಯ ಬಗ್ಗೆ ಅವರು ಹೊರಡಿಸಿದ ಮೊದಲ ಪ್ರಕಟಣೆಯ ಪ್ರಕಾರ, ಪೊಲೀಸರೊಂದಿಗೆ ವ್ಯವಹರಿಸುತ್ತಿದ್ದ ವ್ಯಕ್ತಿಯೊಬ್ಬ ವೈದ್ಯಕೀಯ ತೊಂದರೆಯಿಂದ ತೀರಿಕೊಂಡ. ಕತ್ತಿನ ಮೇಲೆ ಒಂಬತ್ತು ನಿಮಿಷಕ್ಕೂ ಮಿಕ್ಕಿ ಊರಿದ್ದ ಮೊಣಕಾಲಿನ ಸುದ್ದಿ ಅದರಲ್ಲಿರಲಿಲ್ಲ. ಕೋಡಿನವರು ಕಣ್ಣು ಮುಚ್ಚಿ ಮುದ್ರೆ ಒತ್ತುತ್ತಿದ್ದ ಬರವಣಿಗೆ.

ಅಲ್ಲಿ ನಿಂತಿದ್ದ 17 ವರ್ಷದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದಿಟ್ಟಿದ್ದಳು. ಆಮೇಲೆ ಇಲಾಖೆ ದೂರ ಸರಿಯಿತು. ಇದು ಒಬ್ಬನ ತಪ್ಪು, ಅವನಿಗೂ ನಮಗೂ ಸಂಬಂಧವಿಲ್ಲ, ಎಲ್ಲರೂ ಹಾಗಲ್ಲ. ಡೆರೆಕ್ ಚಾವಿನ್ ಎಂಬ ಆ ಅಧಿಕಾರಿಗೆ 22 ವರ್ಷ 6 ತಿಂಗಳು ಜೈಲಾಯಿತು. 1971ರ ಎರಡೂ ಷರತ್ತು ಪೂರೈಸಿದವು.

ಜಾರ್ಜ್ ಫ್ಲಾಯ್ಡ್‌ನ ಕತ್ತಿನ ಮೇಲೆ ಮೊಣಕಾಲೂರುವ ಮೊದಲು ಚಾವಿನ್ ಮೇಲೆ 18 ದೂರುಗಳು ಬಂದಿದ್ದವು. ಇಲಾಖೆ ಎರಡರಲ್ಲಿ ಛೀಮಾರಿ ಪತ್ರ ಕೊಟ್ಟಿತ್ತು. ಉಳಿದ 16ರಲ್ಲಿ ಏನೂ ಆಗಲಿಲ್ಲ.